ಅಮಲ್ದಾರರ ಕಚೇರಿಯ ಮಳೆ ಲೆಕ್ಕ: 19ನೇ ಶತಮಾನದ ಹವಾಮಾನ ಪಟ್ಟಿಗಳನ್ನು ಓದುವ ಬಗೆ

ನಿಮ್ಮ ತಾಲ್ಲೂಕಿನ ಚರಿತ್ರೆ ಬರೆಯಲು ಕೂತಿದ್ದೀರಿ ಎಂದುಕೊಳ್ಳಿ. ಹಳೆಯ ಸರ್ಕಾರಿ ವರದಿಯೊಂದರ ಸ್ಕ್ಯಾನ್ ಪ್ರತಿ ಸಿಕ್ಕಿದೆ. ಅದರಲ್ಲೊಂದು ಪಟ್ಟಿ. ಎಡಕ್ಕೆ ತಾಲ್ಲೂಕುಗಳ ಹೆಸರು, ಮೇಲೆ ತಿಂಗಳುಗಳು, ನಡುವೆ ಇಂಚಿನ ಲೆಕ್ಕದ ಮಳೆ, ಬಲತುದಿಯಲ್ಲಿ ವರ್ಷದ ಒಟ್ಟು. ಕಣ್ಣು ಮೊದಲು ಓಡುವುದು ಆ ಬಲತುದಿಗೇ. ಒಟ್ಟು ಚೆನ್ನಾಗಿದ್ದರೆ "ಆ ವರ್ಷ ಮಳೆ ಚೆನ್ನಾಗಿಯೇ ಆಗಿತ್ತು" ಎಂದು ಬರೆದು ಮುಂದಿನ ಪುಟಕ್ಕೆ ಹೋಗುತ್ತೇವೆ. ಅದೇ ವರ್ಷ ಆ ಊರಿನ ಕಣಕ್ಕೆ ಒಂದು ತೆನೆಯೂ ಬಂದಿರಲಿಕ್ಕಿಲ್ಲ.

ತಿಂಗಳು ಎನ್ನುವುದು ಕಚೇರಿಯವರ ಅಳತೆ. ಹೊಲದವರ ಅಳತೆ ನಕ್ಷತ್ರ. ಕಚೇರಿಯ ಗುಮಾಸ್ತ ಜೂನ್, ಜುಲೈ ಎಂದು ಬರೆದಿಟ್ಟ, ಹೊಲದಲ್ಲಿದ್ದವನು ಮೃಗಶಿರಾ, ಆರಿದ್ರಾ ಎಂದು ಎಣಿಸಿದ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ಓದದಿದ್ದರೆ ಪಟ್ಟಿಯಲ್ಲಿರುವುದು ಬರೀ ಅಂಕಿ. ಹಾಗೆ ಇಟ್ಟು ಓದುವುದು ಹೇಗೆ ಎಂಬುದನ್ನು ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಇಲ್ಲಿ ಹೇಳುವುದು ಸುಮಾರು 1860ರಿಂದ 1900ರವರೆಗಿನ ಕನ್ನಡ ಸೀಮೆಯ ದಾಖಲೆಗಳ ಬಗ್ಗೆ: ಹಳೆ ಮೈಸೂರು, ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ, ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ–ಬೆಳಗಾವಿ–ಕಲಾದಗಿ, ಜೊತೆಗೆ ಒಂಚೂರು ಕೊಡಗು. ನಿಜಾಮರ ಸೀಮೆಯ ಕಾಗದಪತ್ರಗಳ ದಾರಿ ಬೇರೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಮೊದಲು, ನಿಮ್ಮ ಊರು ಆಗ ಯಾರ ಕೈಯಲ್ಲಿತ್ತು?

ಹುಡುಕಾಟ ಶುರುವಾಗಬೇಕಾದ್ದು ಮಳೆಯಿಂದಲ್ಲ, ಗಡಿಯಿಂದ. ಇಂದಿನ ಜಿಲ್ಲೆಯ ಹೆಸರು ಹಿಡಿದು ಹೋದರೆ ಬರಿಗೈಲಿ ವಾಪಸು ಬರುತ್ತೀರಿ.

1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳೇ ಆಳಿದರು. ಆ ಕಾಲದ ವರದಿಗಳಲ್ಲಿ ರಾಜ್ಯ ಮೂರು ವಿಭಾಗಗಳಾಗಿ ಕಾಣುತ್ತದೆ. ನಂದಿದುರ್ಗ ವಿಭಾಗದಲ್ಲಿ ಬೆಂಗಳೂರು, ಕೋಲಾರ, ತುಮಕೂರು. ಅಷ್ಟಗ್ರಾಮ ವಿಭಾಗದಲ್ಲಿ ಮೈಸೂರು, ಹಾಸನ. ನಗರ ವಿಭಾಗದಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ. ಈ 'ನಗರ' ಯಾವುದೋ ಪಟ್ಟಣವಲ್ಲ, ಬಿದನೂರಿನ ನಗರ. ಚಿಕ್ಕಮಗಳೂರಿನವರು ಹುಡುಕಬೇಕಾದ್ದು ಕಡೂರು ಜಿಲ್ಲೆಯಲ್ಲಿ. ಬಾಗಲಕೋಟೆ, ವಿಜಯಪುರದವರು 1880ರ ದಶಕಕ್ಕೆ ಮುಂಚಿನ ಲೆಕ್ಕಕ್ಕೆ ಕಲಾದಗಿ ಜಿಲ್ಲೆ ನೋಡಬೇಕು. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮುಂಬಯಿಗೆ ಹೋಯಿತು. ಹಾಗಾಗಿ ಕಾರವಾರದ ಕಡೆಯವರು ಎರಡೂ ಮನೆ ಬಾಗಿಲು ತಟ್ಟಬೇಕು. ಬಳ್ಳಾರಿಯ ಕತೆ ಇನ್ನೂ ಮಜ. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಗುವವರೆಗೆ ಅದೂ ಬಳ್ಳಾರಿಯೊಳಗೇ ಇತ್ತು. ಅಂದರೆ 1876ರ 'ಬಳ್ಳಾರಿ ಜಿಲ್ಲೆಯ ಸರಾಸರಿ'ಯಲ್ಲಿ ಇಂದಿನ ಆಂಧ್ರದ ಒಣನೆಲದ ದೊಡ್ಡ ಪಾಲು ಸೇರಿದೆ. ಅದನ್ನು ಇಂದಿನ ಬಳ್ಳಾರಿಯ ಸರಾಸರಿಗೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಜಿಲ್ಲೆಯ ಸರಾಸರಿ ಬಿಟ್ಟು ತಾಲ್ಲೂಕು ಕೇಂದ್ರದ ಅಂಕಿಯನ್ನೇ ಹಿಡಿಯಿರಿ.

ಎಲ್ಲಿ ಸಿಗುತ್ತದೆ? ವರ್ಷ ವರ್ಷದ ಆಡಳಿತ ವರದಿಗಳ ಹಿಂಬದಿಯ ಅನುಬಂಧಗಳಲ್ಲಿ, ಪ್ರಾಂತ್ಯ ಸರ್ಕಾರಗಳ ಗೆಜೆಟ್‌ಗಳಲ್ಲಿ, ಜಿಲ್ಲಾ ಗೆಜೆಟಿಯರ್‌ಗಳ 'ಹವಾಮಾನ' ಅಧ್ಯಾಯದಲ್ಲಿ. ಧಾರವಾಡದ್ದು 1884ರಲ್ಲಿ ಬಂತು. ಮೈಸೂರಿನ ಬಗ್ಗೆ ಬಿ.ಎಲ್. ರೈಸ್ ಅವರ ಗೆಜೆಟಿಯರ್ 1870ರ ದಶಕದಲ್ಲಿ ಒಮ್ಮೆ, 1897ರಲ್ಲಿ ಪರಿಷ್ಕಾರಗೊಂಡು ಮತ್ತೊಮ್ಮೆ ಅಚ್ಚಾಯಿತು. ಎರಡೂ ಬೇಕು, ಒಂದಿದ್ದರೆ ಸಾಕು ಎನ್ನಬೇಡಿ. 1890ರ ದಶಕಕ್ಕೆ ಬಂದರೆ ಮೈಸೂರು ಸರ್ಕಾರ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗದಲ್ಲಿ ವೀಕ್ಷಣಾಲಯ ನಡೆಸಿ ವರ್ಷಕ್ಕೊಂದು ವರದಿ ತಂದದ್ದು ಕಾಣುತ್ತದೆ. ಅದರ ಹೊಣೆ ಹೊತ್ತವರು ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್. ಇವುಗಳಲ್ಲಿ ಬಹಳಷ್ಟು ಇಂಟರ್‌ನೆಟ್ ಆರ್ಕೈವ್‌ನಲ್ಲೂ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ ಪಟಲ್' ಜಾಲತಾಣದಲ್ಲೂ ಸಿಗುತ್ತವೆ. ಸಿಗದಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಒಂದು ದಿನ ಮೀಸಲಿಡಿ. ಹುಡುಕುವಾಗ ಊರ ಹೆಸರಿನ ಹಳೆಯ ಇಂಗ್ಲಿಷ್ ಕಾಗುಣಿತವನ್ನೇ ಹಾಕಬೇಕು. ಚಿತ್ರದುರ್ಗ ಅಲ್ಲಿ 'ಚಿಟಲ್‌ಡ್ರೂಗ್', ಶಿವಮೊಗ್ಗ 'ಶಿಮೋಗ', ಧಾರವಾಡ 'ಧಾರ್ವಾರ್'.

ಅದು ಯಾವ ವರ್ಷ?

ಇದನ್ನು ಮೂರ್ಖ ಪ್ರಶ್ನೆ ಎಂದುಕೊಂಡೇ ನಾನು ಒಂದಿಡೀ ವಾರದ ಕೆಲಸ ಹಾಳುಮಾಡಿಕೊಂಡೆ. ಪಟ್ಟಿಯ ನೆತ್ತಿಯ ಮೇಲೆ '1876-77' ಎಂದಿದ್ದರೆ ಅದು ಕನಿಷ್ಠ ಮೂರು ಬಗೆಯ ವರ್ಷವಾಗಿರಬಹುದು.

ಸರ್ಕಾರದ ಹಣಕಾಸು ವರ್ಷ 1867ರಿಂದ ಏಪ್ರಿಲ್ 1ಕ್ಕೆ ಶುರು. ಅದಕ್ಕೂ ಮುಂಚೆ ಮೇ 1ಕ್ಕೆ ಶುರುವಾಗುತ್ತಿತ್ತು. ಮದ್ರಾಸ್ ಪ್ರಾಂತ್ಯದ ಕಂದಾಯ ಕಾಗದಗಳಲ್ಲಿ ಬರುವ ಫಸಲಿ ವರ್ಷ ಜುಲೈ 1ಕ್ಕೆ ಶುರು. ಫಸಲಿಗೆ 590 ಕೂಡಿದರೆ ಅದು ಶುರುವಾಗುವ ಇಸವಿ ಸಿಗುತ್ತದೆ: ಫಸಲಿ 1286 ಅಂದರೆ 1876ರ ಜುಲೈಯಿಂದ 1877ರ ಜೂನ್. ಮುಂಬಯಿ ಪ್ರಾಂತ್ಯದ ಕಂದಾಯ ವರ್ಷ ಮುಗಿಯುವುದು ಜುಲೈ 31ಕ್ಕೆ. ಇದರ ಪರಿಣಾಮ ನೋಡಿ. ಏಪ್ರಿಲ್‌ನಿಂದ ಎಣಿಸಿದರೆ ಒಂದು ಮುಂಗಾರು, ಅದರ ಬೆನ್ನಿಗಿರುವ ಹಿಂಗಾರು ಎರಡೂ ಒಂದೇ ವರ್ಷದೊಳಗೆ ಕೂರುತ್ತವೆ. ಜುಲೈನಿಂದ ಎಣಿಸಿದರೆ ಮುಂಗಾರಿನ ತಲೆ ಹಿಂದಿನ ವರ್ಷಕ್ಕೆ, ಮುಂಡ ಈ ವರ್ಷಕ್ಕೆ. ಆಗಸ್ಟ್‌ನಿಂದ ಎಣಿಸಿದರೆ ಬಿತ್ತನೆಯ ಮಳೆಯೆಲ್ಲ ಹಿಂದಿನ ವರ್ಷದ ಖಾತೆಗೆ ಹೋಗಿಬಿಡುತ್ತದೆ.

ಆದ್ದರಿಂದ ವರ್ಷದ ಒಟ್ಟನ್ನು ಎತ್ತಿಕೊಳ್ಳಲೇಬೇಡಿ. ತಿಂಗಳ ಅಂಕಿ ಎತ್ತಿಕೊಳ್ಳಿ, ಪ್ರತಿ ತಿಂಗಳ ಪಕ್ಕ ಅದರ ಇಸವಿ ಬರೆಯಿರಿ, ಒಟ್ಟನ್ನು ನೀವೇ ಕೂಡಿ. ಅಚ್ಚಾದ ಒಟ್ಟು ತಾಳೆ ನೋಡುವುದಕ್ಕೆ ಮಾತ್ರ.

ನೆನಪಿನ ಮಾತುಗಳಲ್ಲಿ, ಲಾವಣಿಗಳಲ್ಲಿ, ಮಠದ ಕಡತಗಳಲ್ಲಿ ವರ್ಷ ಬರುವುದು ಸಂವತ್ಸರದ ಹೆಸರಿನಲ್ಲಿ. ಇದನ್ನು ಇಸವಿಗೆ ತರುವುದು ಸುಲಭ. 1996ರ ಯುಗಾದಿಗೆ ಬಂದದ್ದು ಧಾತು ಸಂವತ್ಸರ. ಅರವತ್ತು ಕಳೆದರೆ 1936, ಮತ್ತೆ ಅರವತ್ತು ಕಳೆದರೆ 1876. 'ಧಾತು ಈಶ್ವರ ಬರ' ಎಂದು ಹಿರಿಯರು ಹೇಳುತ್ತಿದ್ದದ್ದು ಈ 1876-77 ಮತ್ತು ಅದರ ಮುಂದಿನ ಈಶ್ವರ ಸಂವತ್ಸರವನ್ನೇ. ಅದಾದ ಮೇಲೆ ಬಂದ ಸಂವತ್ಸರದ ಹೆಸರು ಬಹುಧಾನ್ಯ! ಪಂಚಾಂಗಕ್ಕೂ ಒಮ್ಮೊಮ್ಮೆ ಕುಹಕ ಇರುತ್ತದೆ.

ಅಂಕಿ ಇಳಿಸಿಕೊಳ್ಳುವುದು

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಒಂದು ಸಾಲಿಗೆ ಒಂದೇ ತಿಂಗಳು, ಒಂದೇ ಊರು. ಕಾಲಂಗಳು ಇಷ್ಟಿರಲಿ: ಪುಸ್ತಕದಲ್ಲಿ ಅಚ್ಚಾದಂತೆ ಊರ ಹೆಸರು, ಇಂದಿನ ಹೆಸರು, ಇಸವಿ, ತಿಂಗಳು, ಅಚ್ಚಾದಂತೆ ಅಂಕಿ, ಮಿಲಿಮೀಟರಿಗೆ ತಂದ ಅಂಕಿ, ಪುಸ್ತಕ ಮತ್ತು ಪುಟ, ಅನುಮಾನ. ಕೊನೆಯ ಕಾಲಂ ಖಾಲಿ ಬಿಡಬೇಡಿ. ಅನುಮಾನವಿಲ್ಲದಿದ್ದರೆ 'ಇಲ್ಲ' ಎಂದೇ ಬರೆಯಿರಿ, ಆಗ ನೀವು ಕಣ್ಣಿಟ್ಟು ನೋಡಿದ್ದೀರಿ ಎಂದಾದರೂ ಗೊತ್ತಾಗುತ್ತದೆ. ಅಚ್ಚಾದ ಅಂಕಿಯ ಕಾಲಂ ಅನ್ನು ಒಮ್ಮೆ ತುಂಬಿದ ಮೇಲೆ ತಿದ್ದಬಾರದು. ತಪ್ಪೆಂದು ಖಾತ್ರಿಯಾದರೂ ತಿದ್ದುಪಡಿ ಪಕ್ಕದ ಕಾಲಂನಲ್ಲಿರಲಿ.

ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತಿದ್ದರು. ಇಂಚಿನ ನೂರರಲ್ಲೊಂದು ಭಾಗ ಸೆಂಟು. ಕೊಡಗಿನಲ್ಲಿ, ಸಕಲೇಶಪುರ–ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಇವತ್ತಿಗೂ ಮಳೆ ಲೆಕ್ಕ ಹೀಗೇ. "ರಾತ್ರಿ ಎಷ್ಟಾಯ್ತು?" ಎಂದರೆ "ಎಪ್ಪತ್ತು ಸೆಂಟು" ಎನ್ನುತ್ತಾರೆ, ಹೂಮಳೆ ಸಾಲುತ್ತದೋ ಇಲ್ಲವೋ ಎಂದು ಅದರ ಮೇಲೆಯೇ ನಿರ್ಧಾರ. ಒಂದು ಇಂಚು 25.4 ಮಿಲಿಮೀಟರ್, ಒಂದು ಸೆಂಟು ಕಾಲು ಮಿಲಿಮೀಟರಿಗೆ ಒಂದು ಕೂದಲೆಳೆ ಹೆಚ್ಚು.

ಅಪಾಯ ಇರುವುದು ಇಂಚು, ಸೆಂಟು ಎರಡು ಬೇರೆ ಕಾಲಂಗಳಾಗಿ ಅಚ್ಚಾದಾಗ. ಇಂಚಿನ ಕೆಳಗೆ 1, ಸೆಂಟಿನ ಕೆಳಗೆ 5 ಇದ್ದರೆ ಅದು 1.05. ನಾನು ಅದನ್ನು 1.5 ಎಂದು ಇಳಿಸಿಕೊಂಡು, ಒಣ ಬೇಸಿಗೆಯೊಂದಕ್ಕೆ ಸೊಗಸಾದ ಮುಂಗಾರು ಪೂರ್ವ ಮಳೆ ತರಿಸಿದ್ದೆ. ಸವೆದ ಅಚ್ಚುಮೊಳೆಗಳಲ್ಲಿ 3 ಮತ್ತು 8, 1 ಮತ್ತು 7, 5 ಮತ್ತು 6 ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಓದಿಸಿದರೆ ಇನ್ನೂ ಹೆಚ್ಚು ಯಡವಟ್ಟು. ನಾಲ್ಕು ಪುಟದ ಕೆಲಸವಾದರೆ ಕೈಯಲ್ಲೇ ಇಳಿಸಿಕೊಳ್ಳಿ.

ಹನ್ನೆರಡು ತಿಂಗಳು ಕೂಡಿ ಅಚ್ಚಾದ ಒಟ್ಟಿಗೆ ತಾಳೆ ನೋಡಿ. ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸೆಂಟಿನಲ್ಲಿ ಬರೆದು ಒಂಬತ್ತರಿಂದ ಭಾಗಿಸಿ. ಶೇಷವಿಲ್ಲದೆ ಹೋದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಂಭವ ಹೆಚ್ಚು. ಉದಾಹರಣೆಗೆ 5.38 ಹೋಗಿ 5.83 ಆಗಿದ್ದರೆ ವ್ಯತ್ಯಾಸ 45 ಸೆಂಟು, ಐದೊಂಬತ್ಲೆ ನಲವತ್ತೈದು. ಅಂಗಡಿ ಲೆಕ್ಕ ಬರೆಯುವವರ ಹಳೆಯ ಉಪಾಯ ಇದು, ಮಳೆಗೂ ಸಲ್ಲುತ್ತದೆ.

ಇನ್ನು ಖಾಲಿ ಜಾಗ, ಚುಕ್ಕಿ ಸಾಲು, ಸೊನ್ನೆ. ಮೂರೂ ಒಂದೇ ಅಲ್ಲ. ಸೊನ್ನೆ ಎಂದರೆ ಮಳೆ ಬರಲಿಲ್ಲ. ಖಾಲಿ ಎಂದರೆ ಲೆಕ್ಕ ಬರಲಿಲ್ಲ ಎಂದಿರಬಹುದು. ಚುಕ್ಕಿ ಎರಡರಲ್ಲಿ ಯಾವುದೂ ಆಗಬಹುದು. ಜನವರಿ, ಫೆಬ್ರವರಿಯಲ್ಲಿ ಎಲ್ಲ ಊರಿಗೂ ಚುಕ್ಕಿ ಇದ್ದರೆ ಅದು ಒಣ ತಿಂಗಳು. ಜುಲೈನಲ್ಲಿ ಸುತ್ತಲಿನ ಊರುಗಳಿಗೆಲ್ಲ ಮಳೆ ಬಿದ್ದು ನಡುವಿನ ಒಂದೇ ಊರಿಗೆ ಚುಕ್ಕಿ ಇದ್ದರೆ ಅಲ್ಲಿ ಒಣಗಿದ್ದು ನೆಲವಲ್ಲ, ಗುಮಾಸ್ತನ ಲೇಖನಿ.

ಮಳೆಮಾಪಕವನ್ನು ಕಣ್ಣುಮುಚ್ಚಿ ನಂಬಬೇಡಿ

ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್. 1864ರಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತ, ಅದರ ಬೆನ್ನಿಗೆ ಕೈಕೊಟ್ಟ ಮುಂಗಾರುಗಳು ಸರ್ಕಾರವನ್ನು ಎಚ್ಚರಿಸಿದ ಮೇಲೆ ಆದದ್ದು ಇದು. ಅದಕ್ಕೂ ಮುಂಚೆ ಮಳೆ ಅಳೆಯುತ್ತಿದ್ದರು, ಆದರೆ ಒಬ್ಬೊಬ್ಬರದು ಒಂದೊಂದು ರೀತಿ. ಆದ್ದರಿಂದ 1875ರ ಹಿಂದಿನ ಸಾಲುಗಳಿಗೆ ಬೇರೆ ಬಣ್ಣ ಹಚ್ಚಿಡುವುದು ನನ್ನ ಅಭ್ಯಾಸ.

ತಾಲ್ಲೂಕು ಕೇಂದ್ರದಲ್ಲಿ ಮಾಪಕ ಇರುತ್ತಿದ್ದದ್ದು ಕಚೇರಿಯ ಅಂಗಳದಲ್ಲಿ. ತಾಲ್ಲೂಕಿನ ಮುಖ್ಯ ಅಧಿಕಾರಿ ಮೈಸೂರು ಸೀಮೆಯಲ್ಲಿ ಅಮಲ್ದಾರ, ಬಳ್ಳಾರಿಯಲ್ಲಿ ತಹಶೀಲ್ದಾರ, ಧಾರವಾಡದಲ್ಲಿ ಮಾಮಲೇದಾರ, ಕೊಡಗಿನಲ್ಲಿ ಸುಬೇದಾರ. ಹೆಸರು ಬೇರೆಯಾದರೂ ಅಳೆಯುತ್ತಿದ್ದದ್ದು ಸಾಹೇಬರಲ್ಲ, ಅವರ ಕೈಕೆಳಗಿನವರು. ಮಾಪಕದಲ್ಲಿ ಒಂದು ಆಲಿಕೆ, ಅದರ ಕೆಳಗೆ ನೀರು ನಿಲ್ಲುವ ಪಾತ್ರೆ, ಜೊತೆಗೊಂದು ಗೆರೆ ಕೊರೆದ ಗಾಜಿನ ಅಳತೆ ಲೋಟ. ಆ ಲೋಟ ಆ ಆಲಿಕೆಗೇ ಜೋಡಿ. ಐದಿಂಚು ಬಾಯಿಯ ಆಲಿಕೆಯ ಲೋಟ ಒಡೆದು, ಎಂಟಿಂಚು ಆಲಿಕೆಯ ಲೋಟ ತಂದಿಟ್ಟರೆ ಏನಾಗುತ್ತದೆ? ಬಾಯಿಯ ವಿಸ್ತೀರ್ಣ 25ಕ್ಕೆ 64ರಂತೆ. ಮಳೆ ಎರಡೂವರೆ ಪಟ್ಟು ಕಡಿಮೆ ಕಾಣುತ್ತದೆ. ಉಲ್ಟಾ ಆದರೆ ಎರಡೂವರೆ ಪಟ್ಟು ಹೆಚ್ಚು. ಹೀಗಾಗಿ ಒಂದು ಊರಿನ ಅಂಕಿ ಯಾವುದೋ ತಿಂಗಳಿಂದ ಏಕಾಏಕಿ ಇಳಿದು, ವರ್ಷಗಟ್ಟಲೆ ಹಾಗೇ ಇದ್ದು, ಪಕ್ಕದ ಊರುಗಳಲ್ಲಿ ಏನೂ ಬದಲಾಗಿಲ್ಲ ಎಂದರೆ ಆಕಾಶ ನೋಡಬೇಡಿ, ಲೋಟ ನೋಡಿ. ಮಾಪಕವನ್ನು ಚಾವಣಿ ಮೇಲೆ ಇಟ್ಟರೂ ಗಾಳಿಗೆ ಹನಿ ಪಕ್ಕಕ್ಕೆ ಹೋಗಿ ಮಳೆ ಕಡಿಮೆ ಬೀಳುತ್ತದೆ. ಮರದಡಿ ಇದ್ದರಂತೂ ಹೇಳುವುದೇ ಬೇಡ.

ಇದಕ್ಕೆ ಪರೀಕ್ಷೆ ಒಂದೇ. ನಿಮ್ಮ ಊರಿನ ಸುತ್ತಲಿನ ಮೂರ್ನಾಲ್ಕು ತಾಲ್ಲೂಕುಗಳನ್ನೂ ಇಳಿಸಿಕೊಂಡು ಪಕ್ಕದಲ್ಲಿಡಿ. ಬಯಲುಸೀಮೆಯಲ್ಲಿ ಒಂದು ದಿನದ ಮಳೆ ಊರಿಂದೂರಿಗೆ ಬೇರೆ, ಎತ್ತಿನ ಒಂದು ಕೋಡು ನೆನೆದು ಇನ್ನೊಂದು ನೆನೆಯಲಿಲ್ಲ ಎನ್ನುವಂಥದ್ದು. ಆದರೆ ಹತ್ತು ವರ್ಷದ ಸರಾಸರಿಯಲ್ಲಿ ನೆರೆಹೊರೆಯವರು ಸುಮಾರಾಗಿ ಒಟ್ಟಿಗೇ ಏರಿಳಿಯುತ್ತಾರೆ. ಮಲೆನಾಡಿನ ಅಂಚಿನಲ್ಲಿ ಮಾತ್ರ ಈ ಲೆಕ್ಕ ನಡೆಯದು. ಅಲ್ಲಿ ಘಟ್ಟದಿಂದ ಮೂಡಣಕ್ಕೆ ಒಂದಿಷ್ಟು ಮೈಲಿ ನಡೆದರೆ ಮಳೆ ಅರ್ಧಕ್ಕರ್ಧ ಇಳಿದಿರುತ್ತದೆ.

ತಾಪಮಾನ, ವಾಯುಭಾರ: ಚುಟುಕಾಗಿ

ಕೃಷಿ ಚರಿತ್ರೆಗೆ ಇವು ಮಳೆಯಷ್ಟು ಬೇಕಾಗುವುದಿಲ್ಲ, ಆದರೆ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಉಷ್ಣತೆ ಫ್ಯಾರನ್‌ಹೀಟ್‌ನಲ್ಲಿ. 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ ಸೆಲ್ಸಿಯಸ್. '145 ಡಿಗ್ರಿ' ಎಂಬ ಅಂಕಿ ಕಂಡು ಬೆಚ್ಚಬೇಡಿ. ಲೆಕ್ಕ ಹಾಕಿದರೆ 63 ಸೆಲ್ಸಿಯಸ್ ಹತ್ತಿರ, ಭೂಮಿಯ ಮೇಲೆ ಯಾವ ಊರಲ್ಲೂ ಗಾಳಿ ಅಷ್ಟು ಕಾದದ್ದಿಲ್ಲ. ಅದು ಕಪ್ಪು ಬುರುಡೆಯ ಥರ್ಮಾಮೀಟರನ್ನು ನಿರ್ವಾತ ಗಾಜಿನೊಳಗೆ ಕೂರಿಸಿ ಬಿಸಿಲಿಗೇ ಒಡ್ಡಿ ಅಳೆದದ್ದು. ಬಿಸಿಲಿನ ಕಾವು ಹೇಳುತ್ತದೆಯೇ ಹೊರತು ಹವೆಯ ಉಷ್ಣತೆಯನ್ನಲ್ಲ. 'ನೆರಳಿನಲ್ಲಿ' ಎಂಬ ಕಾಲಂ ಹಿಡಿಯಿರಿ. ಆ ನೆರಳಾದರೂ ಇಂದಿನ ಬಿಳಿ ಮರದ ಪೆಟ್ಟಿಗೆಯಲ್ಲ, ಮೊದಮೊದಲು ಜಗಲಿಯ ಗೋಡೆ, ಆಮೇಲೆ ಹುಲ್ಲು ಹೊದಿಸಿದ ಚಪ್ಪರ. ಹಾಗಾಗಿ ಅಂದಿನ 95, ಇಂದಿನ 35 ಲೆಕ್ಕದಲ್ಲಿ ಒಂದೇ ಆದರೂ ಅಳತೆಯಲ್ಲಿ ಒಂದೇ ಅಲ್ಲ. 'ನಮ್ಮೂರು ಇಷ್ಟು ಡಿಗ್ರಿ ಬಿಸಿಯೇರಿದೆ' ಎಂದು ಈ ಎರಡನ್ನು ನೇರ ಕಳೆದು ಘೋಷಿಸುವವರನ್ನು ನಾನು ನಂಬುವುದಿಲ್ಲ.

ವಾಯುಭಾರ ಪಾದರಸದ ಇಂಚಿನಲ್ಲಿದೆ. ಬೆಂಗಳೂರಿಗೆ 27ರ ಆಸುಪಾಸು ಇದ್ದರೆ ಅಚ್ಚಿನ ತಪ್ಪಲ್ಲ, ಊರು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವುದೇ ಕಾರಣ.

ತಿಂಗಳಿಂದ ನಕ್ಷತ್ರಕ್ಕೆ

ಈಗ ಮುಖ್ಯ ಕೆಲಸ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು–ಹದಿನಾಲ್ಕು ದಿನವೇ ರೈತನ ಒಂದೊಂದು 'ಮಳೆ'. ಒಂದು ತಿಂಗಳೊಳಗೆ ಎರಡು ಮಳೆಗಳು ಪೂರ್ತಿ, ಅಥವಾ ಒಂದು ಪೂರ್ತಿ ಮತ್ತು ಎರಡು ಅರೆಬರೆ. ಬಿತ್ತನೆ, ಎಡೆಕುಂಟೆ, ಹೂ, ಹಾಲುಗಾಳು ಎಲ್ಲವೂ ಈ ಗೇಣಿನಲ್ಲೇ ಅಳೆದದ್ದು.

ಇಂದಿನ ಪಂಚಾಂಗದ ತಾರೀಕುಗಳನ್ನು ಅಂದಿಗೆ ಹಾಕಬೇಡಿ. ಮಕರ ಸಂಕ್ರಾಂತಿ ಈಗ ಜನವರಿ 14 ಅಥವಾ 15. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅಂದು ಮಕರ ಸಂಕ್ರಾಂತಿ. ನಮ್ಮ ಪಂಚಾಂಗ ಎಣಿಸುವುದು ನಕ್ಷತ್ರಗಳ ಲೆಕ್ಕದ ವರ್ಷವನ್ನು, ಅದು ಇಂಗ್ಲಿಷ್ ಕ್ಯಾಲೆಂಡರಿನ ವರ್ಷಕ್ಕಿಂತ ತುಸು ಉದ್ದ. ಒಂದೂವರೆ ಶತಮಾನದಲ್ಲಿ ಎರಡು–ಮೂರು ದಿನ ಮುಂದಕ್ಕೆ ಜರುಗಿದೆ. ಆದ್ದರಿಂದ ಇಂದಿನ ಪಂಚಾಂಗ ತೆಗೆದುಕೊಂಡು ಪ್ರತಿ ನಕ್ಷತ್ರವನ್ನೂ ಎರಡು–ಮೂರು ದಿನ ಹಿಂದಕ್ಕೆ ಸರಿಸಿ. 1870ರ ದಶಕಕ್ಕೆ ಸ್ಥೂಲವಾಗಿ ಹೀಗೆ ಬರುತ್ತದೆ: ಅಶ್ವಿನಿ ಏಪ್ರಿಲ್ 11ರ ಸುಮಾರಿಗೆ, ಭರಣಿ ಏಪ್ರಿಲ್ 25, ರೋಹಿಣಿ ಮೇ 22, ಮೃಗಶಿರಾ ಜೂನ್ 5, ಆರಿದ್ರಾ ಜೂನ್ 19, ಪುಷ್ಯ ಜುಲೈ 17, ಮಘೆ ಆಗಸ್ಟ್ 14, ಉತ್ತರೆ ಸೆಪ್ಟೆಂಬರ್ 10, ಹಸ್ತ ಸೆಪ್ಟೆಂಬರ್ 24, ಚಿತ್ತೆ ಅಕ್ಟೋಬರ್ 8, ಸ್ವಾತಿ ಅಕ್ಟೋಬರ್ 21. ಒಂದು ದಿನ ಆಚೀಚೆ ಆದರೂ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ತಿಂಗಳ ಮಳೆಯನ್ನು ಎರಡು ಪಾಲು ಮಾಡಿ ಎರಡು ನಕ್ಷತ್ರಕ್ಕೆ ಹಂಚುವ ಆಸೆ ಆಗುತ್ತದೆ. ಮಾಡಬೇಡಿ, ಅದು ಕಟ್ಟುಕತೆ. ಹಂಚಲು ಬೇಕಾದ್ದು ವಾರದ ಲೆಕ್ಕ. ಪ್ರಾಂತ್ಯದ ಗೆಜೆಟ್‌ಗಳಲ್ಲಿ ಮಳೆ–ಬೆಳೆ ವಾರದ ವರದಿ ಇರುತ್ತದೆ: ಜಿಲ್ಲೆಗೆ ಒಂದೆರಡು ಸಾಲು, 'ತುಂತುರು ಮಳೆ, ಬಿತ್ತನೆ ನಿಂತಿದೆ, ಮೇವು ತುಟ್ಟಿ' ಎಂಬ ಧಾಟಿಯಲ್ಲಿ. ಮೊದಲು ತಿಂಗಳ ಅಂಕಿಗಳಲ್ಲಿ ಅನುಮಾನ ಹುಟ್ಟಿಸುವ ತಿಂಗಳು ಗುರುತಿಸಿ, ಆ ತಿಂಗಳ ನಾಲ್ಕು ವಾರದ ವರದಿಯನ್ನು ಮಾತ್ರ ತೆರೆಯಿರಿ. ಇಡೀ ವರ್ಷದ ಗೆಜೆಟ್ ಓದುತ್ತಾ ಕೂತರೆ ಆಯುಷ್ಯ ಸಾಲದು.

ಯಾವ ತಿಂಗಳು ಮುಖ್ಯ ಎಂಬುದು ಬೆಳೆಯ ಮೇಲೆ ನಿಂತಿದೆ. ಕೋಲಾರ, ಬೆಂಗಳೂರು, ತುಮಕೂರಿನ ಕೆಂಪು ನೆಲದ ರಾಗಿಗೆ ಏಪ್ರಿಲ್–ಮೇ ಮಳೆ ಉಳುಮೆಗೆ, ಜುಲೈ ಬಿತ್ತನೆಗೆ, ಆಗಸ್ಟ್–ಸೆಪ್ಟೆಂಬರ್ ತೆನೆಗೆ. ಕೊಯ್ಲಿನ ಹೊತ್ತಿಗೆ ಬಂದದ್ದೆಲ್ಲ ಕೇಡು. ಧಾರವಾಡದ ಎರೆ ಭೂಮಿಯಲ್ಲಿ ಕತೆಯೇ ಬೇರೆ. ಅಲ್ಲಿ ಹತ್ತಿಯೂ ಹಿಂಗಾರಿ ಜೋಳವೂ ನೆಲ ಕುಡಿದಿಟ್ಟುಕೊಂಡ ಹದದ ಮೇಲೆ ಬೆಳೆಯುತ್ತವೆ. ಸೆಪ್ಟೆಂಬರ್–ಅಕ್ಟೋಬರ್ ಕೈಕೊಟ್ಟರೆ ಜೂನಿನ ಅಬ್ಬರದ ಮಳೆ ಲೆಕ್ಕಕ್ಕಿಲ್ಲ. 1861ರಿಂದ 65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತಲ್ಲ, ಆ ವರ್ಷಗಳ ಪಟ್ಟಿ ಓದುವಾಗ ಈ ಎರಡು ತಿಂಗಳ ಸುತ್ತ ಕೆಂಪು ಗೆರೆ ಹಾಕಿಕೊಳ್ಳಿ.

ಗಾದೆಗಳನ್ನು ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದೂ ನನಗೆ ಉಪಯೋಗಕ್ಕೆ ಬಂದಿದೆ. 'ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ' ಎಂದವರು ಮೇ ಕೊನೆಯ ವಾರವನ್ನು ತೋರಿಸುತ್ತಿದ್ದಾರೆ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು' ಎಂದವರು ಆಗಸ್ಟಿನ ಎರಡನೇ ಅರ್ಧದಲ್ಲಿ ಬೆರಳಿಟ್ಟಿದ್ದಾರೆ. ಗಾದೆ ಸುಳ್ಳೋ ನಿಜವೋ ಎಂದು ಪರೀಕ್ಷಿಸಲು ಹೋಗಬೇಡಿ. ಯಾವ ಹದಿನೈದು ದಿನಕ್ಕೆ ಆ ಸೀಮೆಯವರ ಜೀವ ತೂಗಾಡುತ್ತಿತ್ತು ಎಂದು ಅದು ಹೇಳುತ್ತದೆ, ಅಷ್ಟು ಸಾಕು.

ಅಭ್ಯಾಸಕ್ಕೆ: 1874ರಿಂದ 1878

ಕಲಿಯುವುದಕ್ಕೆ ಧಾತು ಈಶ್ವರ ಬರವನ್ನು ಒಳಗೊಂಡ ಈ ಐದು ವರ್ಷಗಳಿಗಿಂತ ಒಳ್ಳೆಯ ಪಾಠವಿಲ್ಲ, ಓದಲು ಮಾತ್ರ ಗಟ್ಟಿ ಮನಸ್ಸು ಬೇಕು. ಕೋಲಾರ, ಬೆಂಗಳೂರು ಜಿಲ್ಲೆಯ ಯಾವುದಾದರೂ ತಾಲ್ಲೂಕು ಎತ್ತಿಕೊಳ್ಳಿ.

ಶುರುವಿನಲ್ಲೇ ಅಚ್ಚರಿ. 1874ರಲ್ಲಿ ಆ ಕಡೆ ರಾಗಿ ಹಾಳಾದದ್ದು ಮಳೆ ಇಲ್ಲದೆ ಅಲ್ಲ, ಅತಿ ಮಳೆಗೆ. ಒಟ್ಟು ಮಾತ್ರ ನೋಡುವವನಿಗೆ ಅದು ಸುಭಿಕ್ಷ ವರ್ಷ. 1875ರಲ್ಲಿ ಮಳೆ ಕಡಿಮೆ, ಕೆರೆಗಳು ಬತ್ತಿದವು. ಅಂದರೆ 1876ರ ಮಳೆ ಕೈಕೊಟ್ಟಾಗ ಹಗೇವಿನಲ್ಲಿ ಕಾಳಿರಲಿಲ್ಲ, ಕೆರೆಯಲ್ಲಿ ನೀರಿರಲಿಲ್ಲ. 1877ರ ಮುಂಗಾರೂ ಕಣ್ಣಾಮುಚ್ಚಾಲೆ ಆಡಿತು, ನೆಲ ತಣಿಯುವಂಥ ಮಳೆ ಬಂದದ್ದು ಸೆಪ್ಟೆಂಬರ್ ಮೇಲೆ. ಆದ್ದರಿಂದ 1877ರ ವರ್ಷದ ಒಟ್ಟನ್ನು ನೋಡಿ 'ಬರ ಮುಗಿಯಿತು' ಎಂದರೆ ತಪ್ಪಾಗುತ್ತದೆ. ಬಿತ್ತನೆಯ ಹೊತ್ತಿನಲ್ಲಿ ಇಲ್ಲದ ಮಳೆ ಕೊನೆಯಲ್ಲಿ ಬಂದು ಒಟ್ಟನ್ನು ತುಂಬಿಸಿದೆ. ಜನವರಿಯಿಂದ ತಿಂಗಳು ತಿಂಗಳು ಕೂಡುತ್ತಾ ಹೋಗುವ ಏರುಗೆರೆಯೊಂದನ್ನು ಪ್ರತಿ ವರ್ಷಕ್ಕೂ ಎಳೆದು ಒಂದರ ಮೇಲೊಂದಿಡಿ. ಗೆರೆ ಎಲ್ಲಿ ಮಲಗಿದೆಯೋ ಅಲ್ಲಿ ಆ ತಿಂಗಳ ನಕ್ಷತ್ರ ಬರೆಯಿರಿ.

ಇದರ ಪಕ್ಕಕ್ಕೆ ಧಾರಣೆಯ ಪಟ್ಟಿ ತನ್ನಿ, ಗೆಜೆಟ್‌ನಲ್ಲಿ ಮಳೆಯ ಆಸುಪಾಸಿನಲ್ಲೇ ಸಿಗುತ್ತದೆ. ಇಲ್ಲೊಂದು ಮೋಸವಿದೆ. ಅಂದಿನ ಬೆಲೆ ಬರೆಯುತ್ತಿದ್ದದ್ದು ಸೇರಿಗೆ ಎಷ್ಟು ಎಂದಲ್ಲ, ರೂಪಾಯಿಗೆ ಎಷ್ಟು ಸೇರು ಎಂದು. ಅಂಕಿ ಇಳಿದರೆ ಬೆಲೆ ಏರಿದೆ. ಗ್ರಾಫ್ ಹಾಕಿದಾಗ ಮಳೆಯ ಗೆರೆಯೂ ಧಾರಣೆಯ ಗೆರೆಯೂ ಒಟ್ಟಿಗೆ ಕುಸಿಯುವುದು ಕಂಡು 'ಬರದಲ್ಲೂ ಅಗ್ಗ' ಎಂದು ಬರೆದುಬಿಟ್ಟೀರಿ!

ಮೈಸೂರು ಸೀಮೆಯ ಜನಸಂಖ್ಯೆ 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಮಳೆಪಟ್ಟಿ ಇಷ್ಟನ್ನೂ ವಿವರಿಸುವುದಿಲ್ಲ, ವಿವರಿಸಬಾರದು ಕೂಡ. 1877ರ ಆರಂಭದಲ್ಲಿ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಬರ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಯ ಸುಮಾರಿಗೆ ಇಳಿಸಿದ. ಆ ಸಾಲು ಯಾವ ಮಳೆಮಾಪಕದಲ್ಲೂ ದಾಖಲಾಗಿಲ್ಲ. ಹಾಗಾಗಿ ನಿಮ್ಮ ಬರಹದಲ್ಲಿ 'ಮಳೆ ಬರಲಿಲ್ಲ, ಜನ ಸತ್ತರು' ಎಂಬ ಎರಡು ವಾಕ್ಯಗಳ ನಡುವೆ ಒಂದು ಪ್ಯಾರಾದಷ್ಟು ಜಾಗ ಬಿಟ್ಟಿರಿ. ಕೂಲಿ, ಧಾರಣೆ, ಕಂದಾಯ ವಸೂಲಿ ಅಲ್ಲಿಗೆ ಬರಬೇಕು.

ಯಾವುದಕ್ಕೆ ಹೋಲಿಸುವುದು?

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 1871ರಿಂದೀಚೆಗಿನ ತಿಂಗಳವಾರು ಮಳೆಯ ಸರಣಿಯೊಂದನ್ನು 306 ಕೇಂದ್ರಗಳ ಅಂಕಿಗಳಿಂದ ಕಟ್ಟಿದೆ. ಅದರಲ್ಲಿ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಕರ್ನಾಟಕ ಬೇರೆ ಬೇರೆಯಾಗಿವೆ. ನಿಮ್ಮ ತಾಲ್ಲೂಕಿನ ಗೆರೆಯನ್ನು ಮೊದಲು ಅದರ ಪಕ್ಕ ಇಡಿ. ಇಡೀ ಭಾರತದ ಸರಾಸರಿಯ ಪಕ್ಕ ಇಡಬೇಡಿ. ಆ ಸರಾಸರಿಯಲ್ಲಿ ಅತಿ ಕೆಟ್ಟ ಮುಂಗಾರು 1877ರದ್ದು, ನಮ್ಮ ಸೀಮೆಗೆ ಪೆಟ್ಟು ಬಿದ್ದದ್ದು ಅದಕ್ಕೂ ಒಂದು ವರ್ಷ ಮುಂಚೆ.

ಬೇರೆ ಊರಿನ ಮಳೆಯಿಂದ ನಮ್ಮೂರಿನ ಬರ ಲೆಕ್ಕ ಹಾಕುವ ಚಟ ಹಳೆಯದು. 1877ರಲ್ಲಿ ವಿಲಿಯಂ ಹಂಟರ್ ಎಂಬ ಅಧಿಕಾರಿ ಮದ್ರಾಸ್ ಪಟ್ಟಣದ 1813ರಿಂದೀಚೆಗಿನ ಮಳೆ ಲೆಕ್ಕ ಹಿಡಿದು, ದಕ್ಷಿಣ ಭಾರತದ ಬರಗಳು ಸೂರ್ಯನ ಮೇಲಿನ ಕಲೆಗಳ ಹನ್ನೊಂದು ವರ್ಷದ ಚಕ್ರಕ್ಕೆ ತಕ್ಕಂತೆ ಬರುತ್ತವೆ ಎಂದು ವಾದಿಸಿದ. ಮದ್ರಾಸಿನದು ಉದ್ದದ, ಚೊಕ್ಕ ದಾಖಲೆ, ಸುಳ್ಳಲ್ಲ. ಆದರೆ ಮದ್ರಾಸಿಗೆ ಮಳೆ ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಷ್ಟು ಹೊತ್ತಿಗೆ ಕೋಲಾರದ ರಾಗಿ ಬಣವೆಯಲ್ಲಿರಬೇಕು, ಇಲ್ಲವೇ ಇರುವುದೇ ಇಲ್ಲ.

ಇಂದಿನ ಅಂಕಿಗೆ ಹೋಲಿಸಬೇಕಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದ ಮಾಪಕಗಳ ಲೆಕ್ಕ ಇಟ್ಟಿದೆ. ಅದರಿಂದ ತಾಲ್ಲೂಕಿನ ಸರಾಸರಿ ತೆಗೆಯಬೇಡಿ, ಹಳೆಯ ಕಚೇರಿ ಇದ್ದ ಊರಿನ ಮಾಪಕವನ್ನೇ ಹುಡುಕಿ. ಆ ಕಚೇರಿ ಕಟ್ಟಡ ಇನ್ನೂ ನಿಂತಿದ್ದರೆ ಒಮ್ಮೆ ಹೋಗಿ ಅಂಗಳ ನೋಡಿ ಬನ್ನಿ: ಸುತ್ತ ಎಷ್ಟು ಎತ್ತರದ ಗೋಡೆ ಇದೆ, ಮುಂಗಾರು ಗಾಳಿ ಬರುವ ದಿಕ್ಕಿಗೆ ಹಳೇ ಮರ ಇದೆಯೇ, ಊರ ಕೆರೆಯ ಕೋಡಿ ಅಲ್ಲಿಂದ ಎಷ್ಟು ದೂರ. ಕಂಡದ್ದನ್ನು ತಾರೀಕು ಸಮೇತ ಆ 'ಅನುಮಾನ' ಕಾಲಂನಲ್ಲಿ ಬರೆದಿಡಿ.